ಹಿಂದಿನ ಸಾಲಿನ ಎಡತುದಿ

ಸ್ತಾರಾ ಝಗೋರಾ,
ಅಕ್ಟೋಬರ್ 9

ಮುದ್ದಿನ ಬಿಲ್ಯಾನಾ,

ನಿನ್ನೆ ನಾನು ಫೋನ್ ಇಟ್ಟುಬಿಟ್ಟದ್ದು ನಿನ್ನ ಮಾತು ಒಪ್ಪಿಕೊಂಡು ಅಲ್ಲ. ಹೇಳಲು ಬಾಯಿ ಬರಲಿಲ್ಲ. ಬರೆದರೆ ನಿನ್ನ ಕಂಪ್ಯೂಟರಿನ ದನಿಯಾದರೂ ತಡವರಿಸದೆ ಓದಿ ಹೇಳೀತು ಎಂದು ಬರೆಯುತ್ತಿದ್ದೇನೆ.

ರೂಸೆಯ ಆಸ್ಪತ್ರೆಯಲ್ಲಿರುವ ನಿನ್ನ ಅಪ್ಪನಿಗೆ ಹೆಚ್ಚೆಂದರೆ ಇನ್ನೊಂದು ವಾರ ಎಂದು ನಿನ್ನ ಸೋದರತ್ತೆ ವೆಲಿಚ್ಕಾ ಹೇಳಿದಳು. ಹೋಗಿ ನೋಡಿ ಬಾ ಎಂದರೆ ನೀನು, "ನನ್ನ ಶಾಲೆ ಮುಗಿದ ದಿನ ಬರ್ದೇ ಇದ್ದವನ ಹತ್ರ ಈಗ ನಾನ್ಯಾಕಮ್ಮ ಹೋಗ್ಲಿ?" ಎಂದು ಕೇಳಿದೆ.

ಅವನು ಬಂದಿದ್ದ, ಮಗಳೇ.

ಒಂಬತ್ತು ವರ್ಷದ ಹಿಂದೆ ನೀವೆಲ್ಲ ಶಾಲೆಯ ಮೆಟ್ಟಿಲ ಮೇಲೆ ನಿಂತು, ಓದಿದ ವರ್ಷಗಳನ್ನು ಒಂದರಿಂದ ಹನ್ನೆರಡರ ತನಕ ಗಂಟಲು ಹರಿಯುವಂತೆ ಎಣಿಸುತ್ತಿದ್ದಾಗ ಗೇಟಿನ ಬಳಿ ಬಂದ. ನಾನು ಎದುರು ಹೋಗಿ, ಅವಳ ದಿನ ಹಾಳುಮಾಡಬೇಡ, ಮಾತಾಡಿಸದೆ ಹೋಗು ಎಂದೆ. ಸಂಸಾರ ಮಾಡಿದ ಅಷ್ಟೂ ವರ್ಷ ನನ್ನ ಮಾತು ಕೇಳದೆ, ಇನ್ನೊಬ್ಬಳ ಹಿಂದೆ ಹೋದವನು ಅಂದು ಮಾತ್ರ ಕೇಳಿಬಿಟ್ಟ. ಫೋಟೋಕ್ಕೆ ಕೊನೆಯ ಸಾಲಿನಲ್ಲಿ ಸೇರಿಕೊಂಡು ಹೊರಟುಹೋದ.

ಶಾಲೆಯ ಜಾಲತಾಣಕ್ಕೆ ಆ ಫೋಟೋದ ವಿವರಣೆ ಬರೆಯುವ ಕೆಲಸ ನನಗೇ ಬಂತು. ನಕ್ಷೆ, ಚಿತ್ರಗಳನ್ನು ನಿನ್ನಂಥ ಕಣ್ಣು ಕಾಣದವರಿಗೆ ಮಾತಿನಲ್ಲಿ ಬಿಡಿಸಿಕೊಡುವುದೇ ನನ್ನ ಕಸುಬಲ್ಲವೇ? ಕಲಿಸಿದವಳೂ ನೀನೇ, ಏಳು ವರ್ಷಕ್ಕೇ "ಚೆನ್ನಾಗಿದೆ ಅನ್ಬೇಡಮ್ಮ, ಏನಿದೆ ಹೇಳು" ಎಂದು ಗದರುತ್ತಿದ್ದೆ. ಎಂಬತ್ತಮೂರು ಜನರ ಆ ಚಿತ್ರಕ್ಕೆ ಮೂರು ಪುಟ ಬರೆದೆ. ನಿನ್ನ ಗೆಳತಿಯರ ಗೌನಿನ ಬಣ್ಣ, ಗಣಿತದ ಮೇಷ್ಟ್ರ ಸಡಿಲ ಟೈ, ಕಿಟಕಿಯಲ್ಲಿ ಮಲಗಿದ್ದ ಬೆಕ್ಕು, ಎಲ್ಲ. ಮುಖ್ಯರಲ್ಲದವರನ್ನು ಗುಂಪಾಗಿ ಹೇಳಿ ಮುಗಿಸಬೇಕೆಂಬ ನಿಯಮ ನಮ್ಮ ಕಸುಬಿನಲ್ಲಿದೆ. ಅದರ ಮರೆಯಲ್ಲಿ "ಹಿಂದಿನ ಸಾಲಿನಲ್ಲಿ ಕೆಲವು ಅತಿಥಿಗಳು" ಎಂದು ಬರೆದು ಕೈತೊಳೆದುಕೊಂಡೆ. ಬೆಕ್ಕಿಗೆ ಸಿಕ್ಕ ಜಾಗ ನಿನ್ನ ಅಪ್ಪನಿಗೆ ಸಿಗಲಿಲ್ಲ.

ಅಪ್ಪ ಇಲ್ವಾ ಎಂದು ನೀನು ಕೇಳಿದೆ. ಇರುವುದನ್ನೆಲ್ಲ ಬರೆದಿದ್ದೇನಲ್ಲ ಎಂದೆ. ನೀನು ಆ ಮೂರು ಪುಟವನ್ನು ಮತ್ತೆ ಮತ್ತೆ ಓದಿಸಿಕೊಂಡದ್ದು ಅಡುಗೆಮನೆಗೆ ಕೇಳುತ್ತಿತ್ತು. ನಾನು ಚೀಸ್ ತುಂಬುವ ಬಾನಿತ್ಸಾಕ್ಕೆ ಹಿಟ್ಟಿನ ಹಾಳೆ ಲಟ್ಟಿಸುತ್ತ, ಒಳಗೆ ಹೋಗಿ ಹೇಳಿಬಿಡಲೇ ಎಂದುಕೊಳ್ಳುತ್ತಲೇ ಇದ್ದೆ. ಹೋಗಲಿಲ್ಲ. ಆಮೇಲೆ ನೀನು ಅವನ ಫೋನ್ ಎತ್ತುವುದನ್ನೇ ಬಿಟ್ಟೆ. ನನಗೆ ಒಳಗೊಳಗೇ ಸಮಾಧಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಅವನ ಮೇಲಿನ ಸಿಟ್ಟಿಗೆ ನಿನ್ನನ್ನು ಸುಟ್ಟೆ. ಇದನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲಿನ ಮಾತು. ನೀನಿರುವ ವಾರ್ನಾದಿಂದ ರೂಸೆಗೆ ಬೆಳಿಗ್ಗೆ ಏಳಕ್ಕೆ ಬಸ್ಸಿದೆ, ಅತ್ತೆ ನಿಲ್ದಾಣಕ್ಕೆ ಬಂದಿರುತ್ತಾಳೆ. ನನ್ನ ಜೊತೆ ಜಗಳವಾಡಲು ನಿನಗೆ ಪುರುಸೊತ್ತಿದೆ, ಅವನಿಗೆ ಇಲ್ಲ.

ನಿನ್ನ ತಪ್ಪಿತಸ್ಥ ಅಮ್ಮ,
ಸ್ತೊಯಾಂಕಾ

ತಾ.ಕ.: ಅಂದು ಬಿಟ್ಟದ್ದು ಇಷ್ಟು. ಹಿಂದಿನ ಸಾಲಿನ ಎಡತುದಿಯಲ್ಲಿ ಐವತ್ತರ ಆಸುಪಾಸಿನ ಗಂಡಸು, ಹೆಸರು ಕ್ರಾಸಿಮಿರ್. ಇಸ್ತ್ರಿ ಮಾಡಿದ ನೀಲಿ ಅಂಗಿ, ಎದೆಗೆ ಒತ್ತಿ ಹಿಡಿದ ಏಳು ಬಿಳಿ ಹೂ. ಎಲ್ಲರ ಮುಖವೂ ಕ್ಯಾಮೆರಾದ ಕಡೆಗಿದೆ, ಇಬ್ಬರನ್ನು ಬಿಟ್ಟು. ಅವನು ನಿನ್ನ ಜಡೆಯನ್ನೇ ನೋಡುತ್ತಿದ್ದಾನೆ. ನಾನು ಕುತ್ತಿಗೆ ತಿರುಗಿಸಿ ಅವನನ್ನು ನೋಡುತ್ತಿದ್ದೇನೆ. ನನ್ನ ಮುಖದಲ್ಲಿ ಸಿಟ್ಟು ಕಾಣುವುದಿಲ್ಲ.