ಬ್ಲೇಡಿಗೆ ಇರುವ ಅಪ್ಪಣೆ ಸೂಜಿಗೆ ಏಕಿಲ್ಲ?

ಮಾನ್ಯ ಪಶು ತಪಾಸಣಾಧಿಕಾರಿಗಳೇ,

ನೀವು ನಮ್ಮ ಮದ್ದಿನ ಬಾಟಲಿಗಳನ್ನು ಚೀಲಕ್ಕಿಳಿಸಿಕೊಂಡು ಜೀಪು ಹತ್ತಿದಿರಲ್ಲ, ಆಮೇಲೆ ಈ ಹಂದಿ ಫಾರ್ಮಿನಲ್ಲಿ ಏನಾಯಿತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಾನೇ ಹೇಳುತ್ತೇನೆ. ಶಾಲೆಯಲ್ಲಿ ನಾನು ಬೆಂಚಿನ ಮೇಲೆ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗಂಡು ಮರಿಗಳ ಬೀಜ ತೆಗೆಯುವುದು ನನ್ನ ಕೆಲಸ. ತೆಗೆಯದಿದ್ದರೆ ಬೆಳೆದ ಮೇಲೆ ಮಾಂಸ ನಾರುತ್ತದೆ, ಕೊಳ್ಳುವವರು ಮೂಗು ಮುರಿಯುತ್ತಾರೆ. ನನ್ನ ಹೆಂಡತಿ ಮರಿಯನ್ನು ತಲೆಕೆಳಗೆ ಮಾಡಿ ತೊಡೆಗಳ ನಡುವೆ ಒತ್ತಿ ಹಿಡಿಯುತ್ತಾಳೆ, ನಾನು ಕೊಯ್ಯುತ್ತೇನೆ. ಅರಚಾಟ ಪಕ್ಕದ ಕೋಣೆಯ ತಾಯಿಹಂದಿಗೆ ಕೇಳದಿರಲೆಂದು ರೇಡಿಯೋ ಜೋರು ಮಾಡುತ್ತಿದ್ದೆವು. ಹಂದಿ ಮೋಸಹೋಗಲಿಲ್ಲ, ಸರಳಿಗೆ ಮೂತಿ ಬಡಿಯುತ್ತಲೇ ಇತ್ತು. ಈಗ ಮನೆಯಲ್ಲಿ ಯಾರಾದರೂ ರೇಡಿಯೋ ಹಾಕಿದರೆ ಹೆಂಡತಿ ಎದ್ದು ಹೊರಗೆ ಹೋಗುತ್ತಾಳೆ. ನಾನು ಹಾಡಿದಾಗಲೂ ಹೋಗುತ್ತಿದ್ದಳು, ಆದರೆ ಆಗ ನಗುತ್ತಾ ಹೋಗುತ್ತಿದ್ದಳು.

ಒಂದು ದಿನ, ಇನ್ನು ಹಿಡಿಯಲಾರೆ ಎಂದು ಕೂತುಬಿಟ್ಟಳು. ನಾನು ಎಂದಿನಂತೆ ತಮಾಷೆ ಮಾಡಿದೆ.

"ನಿಂಗೆ ಕೊಯ್ದ ಕೂಡ್ಲೆ ಮುಗೀತು. ಅದು ನಡುಗೋದು ನನ್ ತೊಡೇಲಿ ಮನೇವರೆಗೂ ಬರುತ್ತೆ," ಅಂದಳು.

ನಾನು ಬ್ಲೇಡು ಕೆಳಗಿಟ್ಟು ಪಶು ಆಸ್ಪತ್ರೆಗೆ ಹೋದೆ.

ಅಲ್ಲಿನ ಡಾಕ್ಟರಮ್ಮ ಎರಡು ಮದ್ದು ತಂದುಕೊಟ್ಟರು. ಕೊಯ್ಯುವ ಜಾಗ ಮರಗಟ್ಟಲು ಒಂದು, ಆಮೇಲಿನ ನೋವಿಗೆ ಒಂದು. ಚುಚ್ಚುವುದನ್ನು ಹೆಂಡತಿಗೆ ಕಲಿಸಿದರು. ಎತ್ತಿದ್ದಕ್ಕೆ ಮರಿ ಕಿರುಚುತ್ತಿತ್ತು ನಿಜ, ಬ್ಲೇಡು ತಾಗಿದಾಗ ಆ ನಡುಕ ಇರಲಿಲ್ಲ. ಬಿಟ್ಟರೆ ಹೋಗಿ ಮೊಲೆ ಹುಡುಕುತ್ತಿತ್ತು. ನಾವು ರೇಡಿಯೋ ಹಾಕುವುದನ್ನೇ ಬಿಟ್ಟೆವು.

ಅಷ್ಟರಲ್ಲಿ ನೀವು ಬಂದಿರಿ. ಡಾಕ್ಟರಲ್ಲದವರು ಸೂಜಿ ಮುಟ್ಟುವಂತಿಲ್ಲ ಎಂದಿರಿ. ಬ್ಲೇಡನ್ನು ತಿರುಗಿಸಿ ನೋಡಿ, ಚೊಕ್ಕವಾಗಿದೆ ಎಂದು ಮೆಚ್ಚಿ ನನ್ನ ಕೈಗೇ ವಾಪಸು ಕೊಟ್ಟಿರಿ. ಸ್ವಾಮಿ, ಜೀವವಿರುವ ಮೈ ಕೊಯ್ಯಲು ಯೋಗ್ಯನಾದವನು ಅದರ ನೋವು ತಗ್ಗಿಸಲು ಅಯೋಗ್ಯನೇ? ಡಾಕ್ಟರಮ್ಮ ಒಬ್ಬರೇ, ಫಾರ್ಮುಗಳು ದಿಕ್ಕಿಗೊಂದು. ಅವರು ಬರುವತನಕ ಮರಿಗಳು ಬೆಳೆಯದೆ ಕಾಯುತ್ತವೆಯೇ?

ಇಷ್ಟು ಸಣ್ಣ ಮರಿಗೆ ಏನು ಗೊತ್ತಾಗುತ್ತದೆ ಅಂತಲೂ ಹೇಳಿದಿರಿ. ಹೆಂಡತಿ ಎತ್ತಿದ ಮರಿ ಅರಚುತ್ತಿತ್ತು, ಆ ಮಾತು ಹೇಳುವಾಗ ನಿಮ್ಮ ಎರಡೂ ಕೈ ಕಿವಿಯ ಮೇಲಿದ್ದವು. ಏನೂ ಗೊತ್ತಾಗದ ಮರಿಯ ದನಿಗೆ ಅಷ್ಟು ಹೆದರುವುದೇಕೆ? ನಿಮ್ಮ ಹಲ್ಲು ಕೀಳುವಾಗ ರೇಡಿಯೋ ಹಾಕಿದರೆ ಸಾಕೇ?

ನಾಳೆ ಹೊಸ ಮರಿಗಳ ಸರದಿ. ಮದ್ದಿಲ್ಲದೆ ಹೆಂಡತಿ ಹಿಡಿಯುವುದಿಲ್ಲ. ಹಿಡಿಯದಿದ್ದರೆ ಇಬ್ಬರೂ ಮನೆಗೆ ನಡೆಯಿರಿ ಎಂದಿದ್ದಾನೆ ಮಾಲೀಕ. ಆದ್ದರಿಂದ ಬಾಟಲಿಗಳನ್ನು ವಾಪಸು ಕೊಡಿ. ಕಳವಿನ ಹೆದರಿಕೆಯಿದ್ದರೆ ಬೀಗ ಹಾಕಿಸಿ, ಕೈಯ ಮೇಲೆ ನಂಬಿಕೆಯಿಲ್ಲದಿದ್ದರೆ ತರಬೇತಿ ಕೊಟ್ಟು ಪರೀಕ್ಷೆ ಮಾಡಿ. ಪರೀಕ್ಷೆ ಅಂದರೆ ಶಾಲೆಯಲ್ಲಿ ಓಡಿಹೋಗುತ್ತಿದ್ದವನು ನಾನು, ಆದರೂ ಕೂರುತ್ತೇನೆ.

ಊಟ ಆರುತ್ತಿದೆ ಎಂದು ಹೆಂಡತಿ ಒಳಗಿನಿಂದ ಕೂಗುತ್ತಿದ್ದಾಳೆ. ನಾಳೆ ಮರಿ ಹಿಡಿಯುವವರು ಯಾರೆಂದು ಇಲ್ಲಿಂದಲೇ ಕೇಳಿದೆ.

"ಆ ಸಾಹೇಬ್ರನ್ನೇ ಕರಿ, ಅವ್ರಿಗೂ ತೊಡೆ ಇದೆಯಲ್ಲ. ನೀನು ಕೈ ತೊಳ್ಕೊಂಡು ಬಾ. ಸೋಪು ಹಾಕಿ."

ಇಂತಿ,
ಬ್ಲೇಡಿಗೆ ಮಾತ್ರ ಲಾಯಕ್ಕಾದ,
ಹಂದಿಮನೆಯ ಆಳು