ಹವಳದ ತೊಟ್ಟಿಗೆ ಸುರಿದ ತಾಮ್ರ

ತಾಲಾಯ್,

ನಿನ್ನ ಕೋಟಿನ ಜೇಬಿನಲ್ಲಿ ಮೀನಿನ ಔಷಧಿಯ ಖಾಲಿ ಸೀಸೆ ಸಿಕ್ಕಿತು. ನಮ್ಮ ಹವಳದ ತೊಟ್ಟಿಗೆ ನೀನು ಸುರಿದದ್ದು ತಾಮ್ರ ಕಣೋ! ಮೀನಿನ ಮೈಮೇಲಿನ ಚುಕ್ಕೆರೋಗವೇನೋ ಹೋಗುತ್ತದೆ, ಆದರೆ ಹವಳ ಸಾಯುತ್ತದೆ. ಒಂಬತ್ತು ದಿನ ನಾನು ಕಾರಣ ಹುಡುಕುತ್ತ ನೀರಿನ ಉಪ್ಪು ಅಳೆದೆ, ದೀಪ ಬದಲಿಸಿದೆ, ಹೀಟರ್ ಬದಲಿಸಿದೆ. ನೀನು ಪಕ್ಕದಲ್ಲೇ ನಿಂತು, "ಪಾಪ, ಯಾಕಕ್ಕಾ ಹೀಗೆ ಬಿಳುಚ್ಕೊಳ್ತಿದೆ?" ಅಂತ ಕೇಳಿದೆಯಲ್ಲ, ನಾಚಿಕೆಯಾಗಲಿಲ್ಲವೇ?

ಕೊನೆಗೆ ನಾನು ಅಜ್ಜಿಯ ಮೇಲೆ ಹರಿಹಾಯ್ದೆ. ಸಾಬೂನಿನ ಕೈಯನ್ನೇ ತೊಟ್ಟಿಗೆ ಅದ್ದಿದ್ದೀಯ ಎಂದೆ. "ಇರಬೋದಮ್ಮ, ನಂಗೆ ನೆನಪಿಲ್ಲ" ಎಂದು ಒಪ್ಪಿಕೊಂಡು, ಮರುದಿನವೇ ತನ್ನೂರು ನರಿನ್‌ಗೆ ಹೋಗುವ ಬಸ್ಸು ಹತ್ತಿಬಿಟ್ಟಳು. ಅವಳ ಚೀಲ ಹೊತ್ತು ಬಸ್ಸಿನವರೆಗೆ ಬಿಟ್ಟುಬಂದವನು ನೀನೇ!

ತೊಟ್ಟಿಯ ಅರ್ಧ ನೀರು ಬದಲಿಸಿದ್ದೇನೆ. ಸಂಜೆ ಇನ್ನೊಮ್ಮೆ ನೀನು ಬದಲಿಸು. ಉಪ್ಪುನೀರು ಬಕೆಟ್ಟಿನಲ್ಲಿ ಕಲಸಿಟ್ಟಿದ್ದೇನೆ. ತಾಮ್ರ ಹೀರಿಕೊಳ್ಳಲೆಂದು ಫಿಲ್ಟರಿನಲ್ಲಿ ಇದ್ದಿಲು ಹಾಕಿದ್ದೇನೆ, ಮುಟ್ಟಬೇಡ. ಮೂಲೆಯ ಹಸಿರು ಹವಳ ಇನ್ನೂ ಅರಳುತ್ತಿದೆ, ಜೀವವಿದೆ. ಅದನ್ನಾದರೂ ಉಳಿಸು. ಒಲೆಯ ಮೇಲೆ ಲಗ್ಮಾನ್ ನೂಡಲ್ಸ್ ಇದೆ, ಬಿಸಿ ಮಾಡಿಕೊಂಡು ತಿನ್ನು.

ನಾನು ಅಜ್ಜಿಯನ್ನು ಕರೆತರಲು ಹೊರಟೆ. ಬೈದ ತಪ್ಪು ನನ್ನದು, ಅದಕ್ಕೆ ನಾನೇ ಕ್ಷಮೆ ಕೇಳುತ್ತೇನೆ. ಔಷಧಿ ಹಾಕಿದ್ದು ಯಾರೆಂದು ಮಾತ್ರ ಹೇಳುವುದಿಲ್ಲ. ಅವಳು ಒಳಗೆ ಕಾಲಿಡುವ ಮುಂಚೆ, ಬಾಗಿಲಲ್ಲೇ ನೀನು ಹೇಳಬೇಕು.

ಬುರುಲ್