ಮಾವನ ಕಾರಿಗೆ ಮೀನೆಣ್ಣೆ

ಕಾಸರಕೋಡು, ಹೊನ್ನಾವರ
ಬುಧವಾರ, ೧೮ ಸೆಪ್ಟೆಂಬರ್ ೨೦೨೪

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆ ಸುಶ್ಮಿತಾಳ ನಮಸ್ಕಾರ.

ಹೇಗಿದ್ದೀರಿ? ಕಾಲಿನ ಗಾಯ ಪೂರ್ತಿ ಮಾಯಿತೇ? ಶಿರಸಿಯ ಥಂಡಿಗೆ ಮಂಡಿ ಹಿಡಿದುಕೊಳ್ಳುತ್ತಿದ್ದರೆ ಪ್ರಿಯಾಳಿಗೆ ಬಿಸಿನೀರು ಕಾಯಿಸಲು ಹೇಳಿ, ಮಗಳ ಮನೆಯಲ್ಲಿ ಎಂತ ನಾಚಿಕೆ. ಅಲ್ಲಿ ಮೀನು ಸಿಗುತ್ತದೆಯೋ ಇಲ್ಲವೋ, ಸಿಕ್ಕರೂ ಬರ್ಫದಲ್ಲಿ ಎಷ್ಟು ದಿನ ಮಲಗಿ ಎದ್ದದ್ದೋ ದೇವರಿಗೇ ಗೊತ್ತು. ನಾನು ಪತ್ರ ಬರೆಯುವುದನ್ನು ನೋಡಿ ನಿಮ್ಮ ಮಗ ನಗುತ್ತಾರೆ. ಮತ್ತೇನು ಮಾಡಲಿ? ಫೋನಿನಲ್ಲಿ ಮಾವನ ಹೆಸರು ತೆಗೆದರೆ ಸಾಕು, 'ಕುಕ್ಕರ್ ಕೂಗ್ತು' ಎಂದು ಇಟ್ಟುಬಿಡುತ್ತೀರಿ. ಅದೇನು ಕೂಗುತ್ತದೆಯಪ್ಪ ಆ ಕುಕ್ಕರ್! ಪತ್ರಕ್ಕಾದರೆ ಆ ನೆಪವಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಪ್ರಿಯಾಳಿಂದ ಓದಿಸಬೇಡಿ, ಕನ್ನಡಕ ಹಾಕಿಕೊಂಡು ನೀವೇ ಓದಿ.

ಆ ದಿನ ಆದದ್ದು ಅವಮಾನವೇ, ನಾನು ಅಲ್ಲ ಎನ್ನುವುದಿಲ್ಲ. ಭಟ್ಕಳದಲ್ಲಿ ನಿಮ್ಮ ತಮ್ಮ ದೇವು ಅವರ ಮಗಳ ನಿಶ್ಚಿತಾರ್ಥ. ನಿಮ್ಮ ತವರಿನವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ನೀವು ಹೊಸ ಸೀರೆ ಉಟ್ಟು, ಹೂವಿನ ಹರಿವಾಣ ಹಿಡಿದು ಕಾರಿನಿಂದ ಇಳಿಯಬೇಕೆಂದು ಕಾಲೂರಿದಿರಿ. ಕಾರಿನ ತುಕ್ಕು ತಿಂದ ಅಡಿ ತಗಡು ಹಪ್ಪಳದ ಹಾಗೆ ಮುರಿದು ಕಾಲು ಸೀದಾ ರಸ್ತೆಗೇ ಮುಟ್ಟಿತು. ಬೇರೆ ಗಂಡಸರಾಗಿದ್ದರೆ ಗಾಬರಿಯಾಗಿ ಓಡಿ ಬರುತ್ತಿದ್ದರು. ನಮ್ಮ ಮಾವ ಸ್ಟೇರಿಂಗ್ ಹಿಡಿದುಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರನ್ನು ನೋಡಿ ಬೀಗರೂ ನಕ್ಕರು. ನೀವು ಕಾರ್ಯ ಮುಗಿಸಿ, ಪ್ರಿಯಾಳ ಜೊತೆ ಶಿರಸಿಗೆ ಹೊರಟುಬಿಟ್ಟಿರಿ. ನನಗೆ ಮಾತ್ರ ಹೇಳಿದಿರಿ, 'ಆ ಕಾರು ಅಂಗಳದಲ್ಲಿ ಇರು ತನಕ ನಾ ಆ ಮನೆ ಮೆಟ್ಲು ಹತ್ತುದಿಲ್ಲ' ಎಂದು.

ಇದನ್ನು ನಾನು ಮಾವನಿಗೆ ಅಕ್ಷರ ಬಿಡದೆ ಹೇಳಿದೆ. ಅವರು ಮಾಡಬೇಕಿದ್ದದ್ದು ಎಂತ? ಶಿರಸಿಗೆ ಬಂದು ಒಂದು ಒಳ್ಳೆಯ ಮಾತಾಡಬೇಕಿತ್ತು. ಮಾಡಿದ್ದೆಂತ? ಕಾರಿನ ತುಕ್ಕು ತೆಗೆಯಲು ಕೂತರು! ಕಾರು ಹೊಸದರ ಹಾಗಾದರೆ ನಿಮ್ಮ ಸಿಟ್ಟು ತಾನಾಗಿ ಇಳಿಯುತ್ತದೆ ಎಂಬುದು ಅವರ ಬುದ್ಧಿ. ಕಡಲಿನ ಎದುರಿಗೇ ಇಷ್ಟು ವರ್ಷ ನಿಂತ ಕಾರು ಅದು, ಉಪ್ಪುಗಾಳಿ ತಿಂದು ಉಳಿಸಿದ್ದಾದರೂ ಏನು? ಬಣ್ಣ ಗುಳ್ಳೆ ಎದ್ದಲ್ಲಿ ಬೆರಳು ಒತ್ತಿದರೆ ಬೆರಳೇ ಒಳಗೆ ಹೋಗುತ್ತದೆ. ಕೆರೆದಷ್ಟೂ ತೂತು. ಕೆರೆಯುವುದಾದರೂ ಯಾವುದರಲ್ಲಿ ಗೊತ್ತೇ? ನಾನು ದೋಸೆ ಮಗುಚುವ ಸಟ್ಟುಗದಲ್ಲಿ. ಅದು ಕಾಣುವುದಿಲ್ಲವೆಂದು ಅಡುಗೆಮನೆಯೆಲ್ಲ ಹುಡುಕಿ, ಅಂಗಳಕ್ಕೆ ಬಂದರೆ ಮಾವ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದಾರೆ, ಗಡ್ಡದ ತುಂಬ ಕೆಂಪು ಪುಡಿ. ನಾನು ಬೈಯುವ ಮೊದಲೇ 'ಎಂತ, ಚಾ ಆತಾ?' ಎಂದು ಕೇಳಿದರು.

ಅಲ್ಲಿಗೆ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರಿಗೆ ಗೊತ್ತಿರುವುದು ದೋಣಿ ತಾನೇ? ಮರದ ದೋಣಿಯನ್ನು ಮೇಲೆ ಎಳೆದು, ಕೆರೆದು, ಒಣಗಿಸಿ ಮೀನೆಣ್ಣೆ ಬಳಿಯುತ್ತಿದ್ದರಲ್ಲ, ಅದೇ ವೈದ್ಯ ಕಾರಿಗೂ. ಈಗ ಎಲ್ಲರದೂ ಫೈಬರ್ ದೋಣಿ, ಆ ಎಣ್ಣೆ ಕೇಳುವವರಿಲ್ಲ, ಹಿತ್ತಲಲ್ಲಿ ಒಂದು ಡಬ್ಬ ಹಾಗೇ ಉಳಿದಿತ್ತು. ನಾನು ಬೇಡ ಬೇಡ ಎಂದೆ. 'ಮರ ಉಳ್ಸಿದ್ ಎಣ್ಣೆ ತಗಡು ಉಳ್ಸುದಿಲ್ವಾ?' ಎಂದು ಒಳಗೆ ಹೊರಗೆ, ಸಂದು ಗೊಂದಿಗೆಲ್ಲ ಕುಡಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ಊರಿನ ಬೆಕ್ಕುಗಳೆಲ್ಲ ಬಾನೆಟ್ಟಿನ ಮೇಲೆ. ಅದೂ ಎಂಥ ದಿನ? ಚೌತಿ! ಒಳಗೆ ಗಣಪತಿ ಕೂತಿದ್ದಾನೆ, ಮನೆಯಲ್ಲಿ ಮೀನಿನ ಹೆಸರೆತ್ತುವ ಹಾಗಿಲ್ಲ, ಅಂಗಳದಲ್ಲಿ ನೋಡಿದರೆ ಒಣಮೀನಿನ ಸಂತೆ. ಪೂಜೆಗೆ ಬಂದ ಭಟ್ಟರು ಶಾಲಿನಲ್ಲಿ ಮೂಗು ಮುಚ್ಚಿಕೊಂಡೇ ಮಂತ್ರ ಹೇಳಿದರು. ನಾನು ಎಷ್ಟು ಊದುಬತ್ತಿ ಹಚ್ಚಿದರೂ ಹೊಳೆಗೆ ಹುಣಸೆಹಣ್ಣು ಹಿಂಡಿದ ಹಾಗೆಯೇ ಆಯಿತು. ಮಾವ ಮಾತ್ರ ದೊಡ್ಡ ಕೆಲಸ ಮಾಡಿದವರಂತೆ ಕಾರಿಗೂ ಒಂದು ಹೂವಿನ ಮಾಲೆ ಹಾಕಿದರು.

ಚೌತಿ ಮುಗಿದ ಮೇಲೆ ನಾನೇ ಹಟ ಹಿಡಿದು, ಜೊತೆಗೆ ಕೂತು, ಕುಮಟೆಯಲ್ಲಿ ಟಿಂಕರಿಂಗ್ ಮಾಡುವ ನಿತ್ಯಾನಂದನ ಗ್ಯಾರೇಜಿಗೆ ಕಾರು ಹೊಡೆಸಿದೆ. ತೂತಿದ್ದಲ್ಲಿ ಹೊಸ ತಗಡು ಕೂಡಿಸಿ ಕೊಡಲಿ ಎಂದು. ಅವನು ಬೆಂಕಿ ತಾಗಿಸಿದ್ದೇ ತಡ, ಎಣ್ಣೆಯೆಲ್ಲ ಕಾದು ಚುರ್ ಎಂದು ಹೊಗೆ ಎದ್ದಿತು. ಓಣಿಯ ಜನರೆಲ್ಲ ಹೊರಗೆ ಬಂದರು. ನಿತ್ಯಾನಂದ ಕೆಮ್ಮುತ್ತ ಕೇಳಿದ, 'ಮಾಸ್ತಿಯಣ್ಣ, ಇದ್ಕೆ ವೆಲ್ಡಿಂಗ್ ಮಾಡುದೋ, ಉಪ್ಪು ಖಾರ ಹಾಕುದೋ?' ಎಂದು. ಮಾವ ನಗಲಿಲ್ಲ. ಎಣ್ಣೆ ಹೀರಿದ್ದರಿಂದ ಇನ್ನು ತೂತಿಗೆ ಮೆತ್ತುವ ಪುಟ್ಟಿಯೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲವಂತೆ. 'ಹೊಸ ತಗಡು ಕೂಡ್ಸುಕೆ ಹಳೇ ತಗಡಾದ್ರೂ ಇರ್ಬೇಕಲ್ಲ' ಎಂದು ಕಾರು ವಾಪಸು ಕೊಟ್ಟ. ಇನ್ನಾದರೂ ಬುದ್ಧಿ ಬಂತು ಎಂದುಕೊಂಡೆ. ಬೆಳಗಾದರೆ ಮತ್ತೆ ಸಟ್ಟುಗ ಹಿಡಿದು ಕೂತಿದ್ದಾರೆ!

ಅತ್ತೆ, ಸಿಟ್ಟು ಮಾಡಬೇಡಿ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಬಡವಾದವಳು ಸೊಸೆ. ನಿಮ್ಮ ಮಗ ಬೋಟಿಗೆ ಹೋದರೆ ಮೂರು ನಾಲ್ಕು ದಿನ ಬರುವುದಿಲ್ಲ, ಈ ಮನೆಯಲ್ಲಿ ನಾನು, ಮಾವ, ಆ ಬೆಕ್ಕುಗಳು. ನನಗೆ ನೀವು ಬೇಕು, ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಚೌತಿಯ ಪಂಚಕಜ್ಜಾಯಕ್ಕೆ ಬೆಲ್ಲ ಹೆಚ್ಚಾಯಿತು ಎಂದು ಬೈಯಲೂ ಯಾರೂ ಇರಲಿಲ್ಲ. ಮಾವ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಕೈತೊಳೆಯುತ್ತಾರೆ. ಕೇಳಿದರೆ ಹಲ್ಲುನೋವು ಎನ್ನುತ್ತಾರೆ. ನಿಮಗೆ ಗೊತ್ತಲ್ಲ, ಅವರ ಬಾಯಲ್ಲಿರುವುದು ಕಟ್ಟಿಸಿದ ಹಲ್ಲು.

ಪ್ರಿಯಾಳಿಗೂ ಅವಳ ಮನೆಯವರಿಗೂ ನನ್ನ ನೆನಪು ತಿಳಿಸಿ. ನಿಮ್ಮ ಆಶೀರ್ವಾದ ಬೇಕು. ಆದರೆ ಅದನ್ನು ಶಿರಸಿಯಿಂದ ಕಳಿಸಬೇಡಿ, ಇಲ್ಲಿಗೇ ಬಂದು ತಲೆಯ ಮೇಲೆ ಕೈಯಿಡಿ.

ನಿಮ್ಮ ಸೊಸೆ,
ಸುಶ್ಮಿತಾ

ತಾ.ಕ.: ಅತ್ತೆ, ಮೇಲಿನದನ್ನು ಬರೆದಿಟ್ಟು ಪೇಟೆಗೆ ಹೋಗಿ ಬರುವಷ್ಟರಲ್ಲಿ ಅಂಗಳ ಖಾಲಿ! ಮಾವ ತಾವೇ ಭಟ್ಕಳದ ಗುಜರಿಯವನನ್ನು ಕರೆಸಿ ಕಾರು ಕೊಟ್ಟುಬಿಟ್ಟಿದ್ದಾರೆ. ಈಗ ಪಂಚೆಗೆ ಇಸ್ತ್ರಿ ಹಾಕಿಸಿಕೊಂಡು ಬಂದು, ಶುಕ್ರವಾರ ಶಿರಸಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದಾರೆ. ಜನ್ಮವಿಡೀ ಕಡಲಿನಲ್ಲಿ ಓಲಾಡಿದರೂ ತಲೆ ತಿರುಗದ ಮನುಷ್ಯ, ಬಸ್ಸಿನಲ್ಲಿ ಘಟ್ಟ ಹತ್ತಿದರೆ ವಾಂತಿ ಮಾಡಿಕೊಂಡು ಏನಾಗುತ್ತಾರೆಂದು ನಿಮಗೆ ಗೊತ್ತು. ಪಕ್ಕದ ಮನೆಯ ವಿನೋದ ನಾಳೆ ನಸುಕಿಗೇ ಮೀನಿನ ಗಾಡಿಯಲ್ಲಿ ಶಿರಸಿಗೆ ಬರುತ್ತಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ, ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಒಂದು ಲಿಂಬೆಹಣ್ಣು ಹಿಡಿದುಕೊಂಡು ನೀವೇ ಬಸ್‌ಸ್ಟ್ಯಾಂಡಿಗೆ ಹೋಗಿ. ಬಸ್ಸಿನ ಬದಲು ಬೇರೆ ಗಾಡಿ ಮಾಡೋಣ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. 'ಬಸ್ಸೇ ಆಗ್ಬೇಕು. ಇಳಿವಾಗ ನನ್ನ ಮುಖ ನೋಡಿ ಎಲ್ಲರ ಎದುರಿಗೆ ಅವ್ಳೂ ಸಮಾ ನಗಾಡ್ಲಿ, ಅಡ್ಡಿಲ್ಲ' ಎಂದರು.